ದೊಡ್ಡ ಸ್ವಾಮಿಯವರ ತಪಸ್ಸುಕಾಲ

ತಲಕಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಮರಳಿನ ಸ್ವಭಾವವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಇಂದು ಸರಿಸಿದ ಮರಳು ನಾಳೆ ಮತ್ತೆ ಬಂದು ಕೂರುತ್ತದೆ. ಪಂಚಲಿಂಗ ದರ್ಶನದ ವರ್ಷ ಬಂದಿತೆಂದರೆ ಗುಡಿಗಳ ಸುತ್ತಲಿನ ಮರಳನ್ನು ತೆಗೆದು ದಾರಿ ಮಾಡಬೇಕು. 2020ರಲ್ಲಿಯೂ ಹಾಗೆಯೇ ಮಾಡಿದರು. ಒಳಗಿರುವ ದೇವರು ಎಲ್ಲಿಯೂ ಹೋಗಿರುವುದಿಲ್ಲ. ಮುಚ್ಚಿದ್ದನ್ನು ಸರಿಸುವ ಶ್ರಮವಷ್ಟೇ ಮನುಷ್ಯನದು.

ಕ್ರೈಸ್ತ ಬಾಂಧವರು ಆಚರಿಸುವ ತಪಸ್ಸುಕಾಲವನ್ನು ಕುರಿತು ಓದುವಾಗ ನನಗೆ ಈ ಮರಳಿನ ನೆನಪಾಯಿತು. ಹಿಂದಿನ ವರ್ಷದ ಗರಿಗಳ ಭಾನುವಾರದಲ್ಲಿ ಬಳಸಿದ ಗರಿಗಳನ್ನು ಸುಟ್ಟು, ಆ ಬೂದಿಯನ್ನು ಬೂದಿ ಬುಧವಾರದಂದು ಹಣೆಗೆ ಹಚ್ಚುತ್ತಾರೆ. ಮಣ್ಣಿನಿಂದ ಬಂದವನು ಮಣ್ಣಿಗೆ ಹೋಗುವವನೆಂಬ ಎಚ್ಚರಿಕೆ ಅದು. ಅಲ್ಲಿಂದ ಭಾನುವಾರಗಳನ್ನು ಬಿಟ್ಟು ನಲವತ್ತು ದಿನ ಉಪವಾಸ, ಪ್ರಾರ್ಥನೆ, ದಾನಗಳು ನಡೆಯುತ್ತವೆ. ಶುಭ ಶುಕ್ರವಾರ ಶಿಲುಬೆಯ ಮರಣವನ್ನು ಸ್ಮರಿಸಿ, ಮೂರನೆಯ ದಿನವಾದ ಭಾನುವಾರ ಯೇಸುಸ್ವಾಮಿಯ ಪುನರುತ್ಥಾನವನ್ನು ಕೊಂಡಾಡುತ್ತಾರೆ. ವಸಂತದ ಹುಣ್ಣಿಮೆ ಕಳೆದ ಮೇಲೆ ಬರುವ ಭಾನುವಾರವೇ ಆ ಹಬ್ಬವಾದುದರಿಂದ, ನಮ್ಮ ಯುಗಾದಿಯಂತೆ ಅದೂ ಚಂದ್ರನನ್ನು ನೋಡಿಕೊಂಡೇ ಬರುತ್ತದೆ.

ನಾನು ಕ್ರೈಸ್ತನಲ್ಲ. ಆದರೂ ಈ ನಲವತ್ತು ದಿನಗಳ ಅರ್ಥ ನನಗೆ ಸ್ವಲ್ಪಮಟ್ಟಿಗೆ ತಿಳಿದುದು ನಮ್ಮ ಸೀಮೆಯಲ್ಲಿಯೇ ಬಾಳಿದ ಒಬ್ಬ ಪಾದ್ರಿಗಳ ಚರಿತ್ರೆಯಿಂದ. ಅವರ ಹೆಸರು ಝಾನ್ ಆಂತ್ವಾನ್ ದುಬ್ವಾ. ಅಬ್ಬೆ ಎಂಬುದು ಫ್ರೆಂಚರು ಪಾದ್ರಿಗಳಿಗೆ ಕೊಡುವ ಗೌರವನಾಮ. ಇತಿಹಾಸದ ಪುಸ್ತಕಗಳು ಅವರನ್ನು ಅಬ್ಬೆ ದುಬ್ವಾ ಎಂದು ಕರೆದರೆ, ಮೈಸೂರು ಸೀಮೆಯ ಜನ ದೊಡ್ಡ ಸ್ವಾಮಿಯವರು ಎಂದು ಕರೆದರು.

ದುಬ್ವಾರವರು ಜನಿಸಿದುದು 1766ರ ಸುಮಾರಿಗೆ, ದಕ್ಷಿಣ ಫ್ರಾನ್ಸಿನ ಆರ್ದೆಶ್ ಪ್ರಾಂತದ ಸಾಂ ರೆಮೆಝ್ ಎಂಬ ಹಳ್ಳಿಯಲ್ಲಿ. 1792ರಲ್ಲಿ ಗುರುದೀಕ್ಷೆ ಪಡೆದರು. ಫ್ರಾನ್ಸಿನಲ್ಲಿ ಕ್ರಾಂತಿಯ ಬೆಂಕಿ ಹೊತ್ತಿದ್ದ ಕಾಲವದು. ಅದೇ ವರ್ಷ ಅವರು ಪ್ಯಾರಿಸ್ಸಿನ ವಿದೇಶೀ ಧರ್ಮಪ್ರಚಾರ ಸಂಸ್ಥೆಯ ಪರವಾಗಿ ಹಡಗು ಹತ್ತಿ ಭಾರತಕ್ಕೆ ಬಂದರು. ಮೊದಲ ಕೆಲವು ವರ್ಷಗಳು ಪುದುಚೇರಿಯ ಮಿಷನ್ನಿಗೆ ಸೇರಿದ ತಮಿಳು ಸೀಮೆಯಲ್ಲಿ ಕಳೆದುವು. ಅವರನ್ನು ಕನ್ನಡ ನಾಡಿಗೆ ಕರೆತಂದುದು ಶ್ರೀರಂಗಪಟ್ಟಣದ ಪತನ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೈಸೂರು ಸೀಮೆಗೆ ಕ್ರೈಸ್ತಧರ್ಮ ಹದಿನೇಳನೆಯ ಶತಮಾನದಲ್ಲಿಯೇ ಯೇಸುಸಭೆಯ ಪಾದ್ರಿಗಳ ಮೂಲಕ ಬಂದಿತ್ತು. 1773ರಲ್ಲಿ ಪೋಪರು ಆ ಸಭೆಯನ್ನೇ ವಿಸರ್ಜಿಸಿದುದರಿಂದ ಇಲ್ಲಿಯ ಕ್ರೈಸ್ತರಿಗೆ ಗುರುಗಳೇ ವಿರಳವಾದರು. 1784ರಲ್ಲಿ ಕರಾವಳಿಯ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಆಪಾದನೆಯ ಮೇಲೆ ಟಿಪ್ಪು ಸುಲ್ತಾನನು ಅವರನ್ನು ಕುಟುಂಬ ಸಮೇತ ಸೆರೆಹಿಡಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತರಿಸಿದನು. ಸೆರೆಹಿಡಿದ ದಿನ ಬೂದಿ ಬುಧವಾರವಾಗಿತ್ತೆಂಬುದು ಆ ಜನರ ಪರಂಪರಾಗತ ನೆನಪು. ಅವರ ಸಂಖ್ಯೆಯ ವಿಷಯದಲ್ಲಿ ಇತಿಹಾಸಕಾರರಿಗೆ ಏಕಾಭಿಪ್ರಾಯವಿಲ್ಲ. ದುಬ್ವಾರವರು 60,000 ಎಂದು ಬರೆದಿದ್ದಾರೆ. ದಾರಿಯಲ್ಲಿ ಸತ್ತವರೆಷ್ಟೋ, ಸೆರೆಯಲ್ಲಿ ಸತ್ತವರೆಷ್ಟೋ. ಉಳಿದವರಲ್ಲಿ ಅನೇಕರನ್ನು ಬಲಾತ್ಕಾರದಿಂದ ಮತಾಂತರಗೊಳಿಸಲಾಯಿತು. ನಂಜನಗೂಡಿನ ಶ್ರೀಕಂಠೇಶ್ವರನಿಗೆ ಪಚ್ಚೆಲಿಂಗವನ್ನು ಅರ್ಪಿಸಿದನೆಂದು ಪ್ರತೀತಿಯಿರುವ ಟಿಪ್ಪುವೂ ಇವನೇ. ಒಬ್ಬನೇ ಮನುಷ್ಯನಲ್ಲಿ ಎರಡೂ ಇದ್ದುವೆಂಬುದನ್ನು ಇತಿಹಾಸದ ವಿದ್ಯಾರ್ಥಿ ಮರೆಯಬಾರದು.

1799ರ ಮೇ 4ರಂದು ಕೋಟೆ ಬಿದ್ದಿತು. ಬೂದಿ ಬುಧವಾರ ಆರಂಭವಾದ ಆ ಜನರ ತಪಸ್ಸುಕಾಲ ನಲವತ್ತು ದಿನಕ್ಕೆ ಮುಗಿಯದೆ ಹದಿನೈದು ವರ್ಷ ನಡೆದಿತ್ತು. ಬದುಕಿ ಉಳಿದವರಲ್ಲಿ ಬಹುಮಂದಿ ಕರಾವಳಿಯ ದಾರಿ ಹಿಡಿದರು. ಉಳಿದುಕೊಂಡವರನ್ನೂ, ಮೈಸೂರು ಸೀಮೆಯ ಹಳೆಯ ಕ್ರೈಸ್ತರನ್ನೂ ಒಟ್ಟುಗೂಡಿಸಲು ಒಬ್ಬ ಗುರು ಬೇಕಾಗಿತ್ತು. ಕರ್ನಲ್ ಆರ್ಥರ್ ವೆಲ್ಲೆಸ್ಲಿಯವರ ಸಲಹೆಯಂತೆ ದುಬ್ವಾರವರಿಗೆ ಕರೆ ಬಂದಿತು. ಆಗ ಅವರಿಗೆ ಮೂವತ್ತಮೂರು ವರ್ಷ ವಯಸ್ಸು.

ಅವರ ಎದುರಿಗೆ ನಿಂತ ಪ್ರಶ್ನೆ ಸಾಮಾನ್ಯವಾದುದಲ್ಲ. ಕತ್ತಿಗೆ ಹೆದರಿ ಮತವನ್ನು ಬಿಟ್ಟವರನ್ನು ಮತ್ತೆ ಸೇರಿಸಿಕೊಳ್ಳಬಹುದೇ? ಪ್ರಾಣಕೊಟ್ಟವರ ಮಕ್ಕಳೂ, ಪ್ರಾಣ ಉಳಿಸಿಕೊಂಡವರ ಮಕ್ಕಳೂ ಒಂದೇ ಚಾಪೆಯ ಮೇಲೆ ಕೂತು ಪ್ರಾರ್ಥಿಸಬಹುದೇ? ನಮ್ಮ ಹಳ್ಳಿಗಳಲ್ಲಿ ಕುಲದಿಂದ ಹೊರಗೆ ಹೋದವರನ್ನು ಮತ್ತೆ ಒಳಗೆ ಕರೆದುಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ಬಲ್ಲವರಿಗೆ ಈ ಪ್ರಶ್ನೆಯ ಭಾರ ತಿಳಿದೀತು. ದೊಡ್ಡ ಸ್ವಾಮಿಯವರು ಬಾಗಿಲು ತೆರೆದರು. ಬಂದವರನ್ನು ಸೇರಿಸಿಕೊಂಡರು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅವರು ಕಟ್ಟಿಸಿದ ಇಗರ್ಜಿ ಇಂದಿಗೂ ಅವರ ಹೆಸರಿನಿಂದಲೇ ಗುರುತಾಗುತ್ತದೆ.

ಪುನರುತ್ಥಾನದ ಕಥೆಯಲ್ಲಿಯೂ ಇಂಥದೇ ಒಂದು ಪ್ರಸಂಗವಿದೆ. ಗುರುವನ್ನು ಬಂಧಿಸಿದ ರಾತ್ರಿ ಶಿಷ್ಯರಲ್ಲಿ ಮುಖ್ಯನಾದ ಪೇತ್ರನು ಭಯದಿಂದ, ತನಗೆ ಅವರ ಪರಿಚಯವೇ ಇಲ್ಲವೆಂದು ಮೂರು ಸಲ ಹೇಳಿದನು. ಕೋಳಿ ಕೂಗಿದಾಗ ಎಚ್ಚೆತ್ತು ಅತ್ತನು. ಎದ್ದು ಬಂದ ಗುರುವು ಅವನನ್ನು ದೂರಲಿಲ್ಲ. ಸರೋವರದ ದಡದಲ್ಲಿ ಬೆಳಗಿನ ಊಟಕ್ಕೆ ಕರೆದು, ಮಂದೆಯನ್ನು ಕಾಯುವ ಕೆಲಸವನ್ನು ಮತ್ತೆ ಅವನಿಗೇ ಒಪ್ಪಿಸಿದನು. ಹೆದರಿದವನಿಗೂ ಹಿಂತಿರುಗುವ ದಾರಿಯುಂಟು ಎಂಬುದೇ ಈ ಹಬ್ಬದ ತಿರುಳೆಂದು ನನಗೆ ತೋರುತ್ತದೆ. ಶ್ರೀರಂಗಪಟ್ಟಣದಲ್ಲಿ ದುಬ್ವಾರವರು ನಡೆಸಿದುದು ಅದೇ ಹಬ್ಬವನ್ನು.

ಅವರ ಬಾಳುವೆಯ ರೀತಿಯೂ ತಪಸ್ಸಿನಂತೆಯೇ ಇತ್ತು. ಯೂರೋಪಿಯನ್ನರ ಉಡುಪನ್ನು ಬಿಟ್ಟು ನಿಲುವಂಗಿ ತೊಟ್ಟು, ತಲೆಗೆ ರುಮಾಲು ಸುತ್ತಿ, ನೀಳವಾದ ಗಡ್ಡ ಬಿಟ್ಟರು. ಈ ನಾಡಿನವರ ಊಟವನ್ನೇ ಉಂಡರು, ಮಾಂಸವನ್ನು ತ್ಯಜಿಸಿದರು, ಇಲ್ಲಿಯ ಭಾಷೆಗಳನ್ನು ಕಲಿತರು. ಹಳ್ಳಿಯಿಂದ ಹಳ್ಳಿಗೆ ತಿರುಗಿದರು. ಜನರ ಹೊಟ್ಟೆ ತುಂಬದೆ ಧರ್ಮ ನಿಲ್ಲದೆಂದು ಕಂಡು, ಹಾಸನ ಸೀಮೆಯ ಸಾತಳ್ಳಿಯಲ್ಲಿ ಕ್ರೈಸ್ತ ಕುಟುಂಬಗಳನ್ನು ಬೇಸಾಯಕ್ಕೆ ಹಚ್ಚಿ ನೆಲೆಗೊಳಿಸಿದರು.

ಅವರ ಕಾರ್ಯಗಳಲ್ಲೆಲ್ಲ ನಮಗೆ ಅತ್ಯಂತ ಹತ್ತಿರವಾದುದು ಸಿಡುಬಿನ ವಿರುದ್ಧ ದಾಕು ಹಾಕಿದ ಕೆಲಸ. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಈ ವಿಧಾನವನ್ನು ಕಂಡುಹಿಡಿದುದು 1796ರಲ್ಲಿ. ಅದು ಮುಂಬಯಿಗೆ ತಲುಪಿದುದು 1802ರಲ್ಲಿ. ಆಗ ಸೀಸೆಯಲ್ಲಿ ತುಂಬಿಟ್ಟ ಔಷಧಿಯಾಗಲಿ ಶೀತದ ಪೆಟ್ಟಿಗೆಯಾಗಲಿ ಇರಲಿಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ಎಂಟನೆಯ ದಿನದ ಹೊತ್ತಿಗೆ ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕಾಗಿತ್ತು. ನಡುವೆ ಎಲ್ಲಿಯಾದರೂ ತಾಯಂದಿರು ಒಪ್ಪದೆಹೋದರೆ ಸರಪಳಿಯೇ ಕಡಿದುಹೋಗುತ್ತಿತ್ತು. ಸಿಡುಬನ್ನು ಅಮ್ಮನೆಂದು ಪೂಜಿಸುವ ಜನರಿಗೆ, ಅಮ್ಮನನ್ನು ತಡೆಯುವುದು ಅಪಚಾರವೆಂಬ ಅಂಜಿಕೆಯಿದ್ದುದು ಸಹಜ. ತೋಳು ಚಾಚೆಂದು ಕೇಳುವವನಲ್ಲಿ ನಂಬಿಕೆ ಹುಟ್ಟದೆ ಯಾವ ತಾಯಿ ಮಗುವನ್ನು ಮುಂದೆ ತಂದಾಳು? 1803-04ರಲ್ಲಿ ದುಬ್ವಾರವರೂ ಅವರ ಸಹಾಯಕರೂ ಸೇರಿ 25,432 ಮಂದಿಗೆ ದಾಕು ಹಾಕಿದರೆಂದು ದಾಖಲೆಯಾಗಿದೆ. ರುಮಾಲು ಸುತ್ತಿ ರಾಗಿ ಅನ್ನಗಳನ್ನುಂಡು ಗಳಿಸಿದ ನಂಬಿಕೆ ಇಲ್ಲಿ ಫಲಕ್ಕೆ ಬಂದಿತು.

ನನ್ನ ಅಜ್ಜಿಯ ತೋಳಿನ ಮೇಲೆ ದುಂಡನೆಯ ಎರಡು ಕಲೆಗಳಿವೆ. ಚಿಕ್ಕಂದಿನಲ್ಲಿ ಅವುಗಳ ಮೇಲೆ ಬೆರಳಿಟ್ಟು ಆಡುತ್ತಿದ್ದೆ. 1975ರಲ್ಲಿ ನಮ್ಮ ದೇಶದಿಂದಲೂ, 1980ರಲ್ಲಿ ಜಗತ್ತಿನಿಂದಲೂ ಸಿಡುಬು ನಿರ್ಮೂಲವಾಯಿತೆಂದು ಸಾರಲಾಯಿತು. ನನ್ನ ತೋಳಿನಲ್ಲಿ ಆ ಕಲೆಯಿಲ್ಲ. ಅದರ ಅಗತ್ಯವೇ ಉಳಿಯಲಿಲ್ಲ. ಆ ಉದ್ದವಾದ ಸರಪಳಿಯ ನಮ್ಮ ಸೀಮೆಯ ಮೊದಲ ಕೊಂಡಿಗಳಲ್ಲಿ ಒಂದನ್ನು ಬೆಸೆದ ಕೈ ದೊಡ್ಡ ಸ್ವಾಮಿಯವರದು.

ಇಷ್ಟನ್ನು ಮಾತ್ರ ಬರೆದು ನಿಲ್ಲಿಸಿದರೆ ಇದು ಬರಿಯ ಸ್ತುತಿಯಾದೀತು. ದುಬ್ವಾರವರನ್ನು ಲೋಕವು ಬಲ್ಲುದು ಅವರ ದಾಕಿನಿಂದಲ್ಲ, ಹಿಂದೂಗಳ ಆಚಾರ, ಸಂಪ್ರದಾಯ, ವಿಧಿಗಳನ್ನು ಕುರಿತ ಅವರ ದೊಡ್ಡ ಗ್ರಂಥದಿಂದ. ಫ್ರೆಂಚಿನಲ್ಲಿದ್ದ ಅದರ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟರಾದ ಮಾರ್ಕ್ ವಿಲ್ಕ್ಸ್‌ರವರು 1806ರಲ್ಲಿ ಮದರಾಸು ಸರ್ಕಾರಕ್ಕೆ ಕಳುಹಿಸಿದರು. ಗವರ್ನರ್ ವಿಲಿಯಂ ಬೆಂಟಿಂಕ್‌ರವರು ಮೆಚ್ಚಿ, 1807ರಲ್ಲಿ ಕಂಪನಿಗಾಗಿ 2,000 ವರಹಗಳಿಗೆ ಕೊಂಡರು. 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಭಾಷಾಂತರವೂ, 1825ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಗ್ರಂಥವೂ ಪ್ರಕಟವಾದುವು. 1897ರ ಬೋಶಾಂ ಅವರ ಭಾಷಾಂತರಕ್ಕೆ ಮ್ಯಾಕ್ಸ್ ಮುಲ್ಲರ್‌ರವರೇ ಮುನ್ನುಡಿಯ ಮಾತು ಬರೆದರು.

ಆ ಗ್ರಂಥದಲ್ಲಿ ನಮ್ಮ ತಾಲ್ಲೂಕಿನ ಮೂಗೂರು ಬರುತ್ತದೆ. ಮೂಗೂರಿನ ತಿಬ್ಬಾದೇವಿಯನ್ನು ತಿಪ್ಪಮ್ಮನೆಂದು ಕರೆದು, ಆ ತಾಯಿಯ ಜಾತ್ರೆಯನ್ನು ಅಸಹ್ಯವೆಂಬಂತೆ ವರ್ಣಿಸಿದ್ದಾರೆ. ನಮ್ಮ ಮನೆಯವರು ಎತ್ತಿನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದ ಜಾತ್ರೆ ಅದು. ಗ್ರಂಥಾಲಯದಲ್ಲಿ ಆ ಪುಟವನ್ನು ಓದಿದ ದಿನ ಪುಸ್ತಕವನ್ನು ಮುಚ್ಚಿಟ್ಟು ಎದ್ದುಬಂದೆ. ಮತ್ತೆ ತೆರೆದಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಜಾತಿಪದ್ಧತಿಯು ಹಿಂದೂ ಸಮಾಜದ ಅತ್ಯುತ್ತಮ ಏರ್ಪಾಡೆಂದೂ, ಜನರನ್ನು ಹತೋಟಿಯಲ್ಲಿಡಲು ಅದೇ ತಕ್ಕ ಸಾಧನವೆಂದೂ ಅವರು ವಾದಿಸುತ್ತಾರೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವನಿಗೆ ಈ ವಾದ ಹೇಗೆ ರುಚಿಸೀತು?

ಇನ್ನೂ ಒಂದು ದೋಷ ಬಹುಕಾಲದ ಮೇಲೆ ಬೆಳಕಿಗೆ ಬಂದಿತು. ಸಿಲ್ವಿಯಾ ಮೂರ್ ಎಂಬ ಫ್ರೆಂಚ್ ವಿದುಷಿ 1987ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಈ ಗ್ರಂಥದ ಬಹುಭಾಗವು ಕೂರ್ದೂ ಎಂಬ ಯೇಸುಸಭೆಯ ಪಾದ್ರಿಗಳ ಬರಹದಿಂದ ಎತ್ತಿಕೊಂಡುದೆಂದು ತೋರಿಸಿದರು. ಸಂಸ್ಕೃತಕ್ಕೂ ಗ್ರೀಕ್, ಲ್ಯಾಟಿನ್‌ಗಳಿಗೂ ಇರುವ ನಂಟನ್ನು 1767ರಲ್ಲಿಯೇ ಗುರುತಿಸಿದ ಪಂಡಿತರು ಆ ಕೂರ್ದೂ, 1779ರಲ್ಲಿ ತೀರಿಕೊಂಡಿದ್ದರು. ದುಬ್ವಾರವರು ಆ ಹಿರಿಯರ ಹೆಸರನ್ನು ಹೇಳಲಿಲ್ಲ. ಕೀರ್ತಿ ತಂದ ಪುಸ್ತಕದಲ್ಲಿ ಅವರ ಸ್ವಂತದ್ದೆಷ್ಟು, ಸಾಲವೆಷ್ಟು ಎಂದು ಇಂದು ವಿದ್ವಾಂಸರು ಬಿಡಿಸಿ ನೋಡಬೇಕಾಗಿದೆ.

ಇನ್ನು ಅವರ ಜೀವನದ ಅತ್ಯಂತ ಕಠಿಣವಾದ ಪ್ರಸಂಗಕ್ಕೆ ಬರುತ್ತೇನೆ. 1823ರಲ್ಲಿ ಲಂಡನ್ನಿನಲ್ಲಿ, ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಪುಸ್ತಕರೂಪದಲ್ಲಿ ಹೊರಬಂದುವು. ಹಿಂದೂಗಳನ್ನು ಕ್ರೈಸ್ತಧರ್ಮಕ್ಕೆ ತರುವುದು ಸಾಧ್ಯವೇ ಇಲ್ಲವೆಂದು ಅವರು ಅದರಲ್ಲಿ ಬರೆದರು. ಇಪ್ಪತ್ತೈದು ವರ್ಷ ದುಡಿದು, ಒಬ್ಬ ದೇಶೀಯ ಪಾದ್ರಿಯ ಸಹಾಯದಿಂದ ತಾವು ಹೊಸದಾಗಿ ಸೇರಿಸಿಕೊಂಡವರು ಇನ್ನೂರರಿಂದ ಮುನ್ನೂರು ಮಂದಿ ಮಾತ್ರವೆಂದು ಲೆಕ್ಕ ಕೊಟ್ಟರು. ಅವರಲ್ಲಿಯೂ ಮೂರರಲ್ಲೆರಡು ಪಾಲು ಅಸ್ಪೃಶ್ಯರೂ ಭಿಕ್ಷುಕರೂ ಎಂದು ನೊಂದುಕೊಂಡರು. ಯಾವ ಕೆಲಸಕ್ಕಾಗಿ ತಾಯ್ನಾಡನ್ನು ಬಿಟ್ಟು ಬಂದರೋ ಆ ಕೆಲಸದಲ್ಲಿ ಸೋತೆನೆಂದು ಲೋಕದೆದುರು ಹೇಳಿಕೊಂಡರು. ಧರ್ಮಪ್ರಚಾರಕರ ವಲಯದಲ್ಲಿ ಕೋಲಾಹಲವೆದ್ದಿತು. ಮರುವರ್ಷವೇ ಜೇಮ್ಸ್ ಹಫ್ ಮತ್ತು ಟೌನ್ಲಿ ಎಂಬವರು ಅವರನ್ನು ಖಂಡಿಸಿ ಪುಸ್ತಕಗಳನ್ನು ಬರೆದರು.

ಸೋಲನ್ನು ಮುಚ್ಚಿಡದೆ ಹೇಳಿಕೊಂಡ ಧೈರ್ಯಕ್ಕೆ ನಾವು ತಲೆಬಾಗಬೇಕು. ಹಣೆಗೆ ಬೂದಿ ಹಚ್ಚಿಕೊಳ್ಳುವುದೆಂದರೆ ಅದೇ ಅಲ್ಲವೇ? ಆದರೆ ಆ ಲೆಕ್ಕವನ್ನು ಓದಿದಾಗ ನನಗೆ ಒಂದು ಸಂಶಯ ಬಂದಿತು. ಅವರು ಸೋತುದು ನಿಜವೋ, ಅಥವಾ ಎಣಿಸಿದ ರೀತಿಯೇ ತಪ್ಪೋ? ಬಡವರೂ ಅಸ್ಪೃಶ್ಯರೂ ಬಂದುದನ್ನು ಅವರು ಸೋಲಿನ ಪಟ್ಟಿಗೆ ಸೇರಿಸಿದರು. ಅವರೇ ಪ್ರತಿವರ್ಷ ಪೂಜೆಯಲ್ಲಿ ಓದುತ್ತಿದ್ದ ಪುನರುತ್ಥಾನದ ಕಥೆಯಲ್ಲಿ ಮೊದಲು ಸಮಾಧಿಯ ಬಳಿಗೆ ಹೋದವರು ಯಾರು? ನ್ಯಾಯಸ್ಥಾನದಲ್ಲಿ ಸಾಕ್ಷಿಗೂ ಬೆಲೆಯಿಲ್ಲದಿದ್ದ ಹೆಂಗಸರು. ಮಂದೆಯ ಭಾರ ಹೊತ್ತವನು ಯಾರು? ಸುಳ್ಳು ಹೇಳಿ ಅತ್ತ ಒಬ್ಬ ಬೆಸ್ತ. ಅಧಿಕಾರಿಗಳಾಗಲಿ ಪುರೋಹಿತರಾಗಲಿ ಅಲ್ಲಿ ಇರಲಿಲ್ಲ. ಆ ಮೊದಲ ಭಾನುವಾರದ ಬೆಳಗ್ಗೆ ಯಾರಾದರೂ ಲೆಕ್ಕ ಹಾಕಿದ್ದರೆ, ಅದೂ ಸೋತವರ ಪಟ್ಟಿಯಾಗಿಯೇ ಕಂಡೀತು.

ಪಟ್ಟಿಯಲ್ಲಿ ಬಾರದವರೂ ಇದ್ದರು. ಸೆರೆಯಿಂದ ಹೊರಬಂದು ಮತ್ತೆ ಪ್ರಾರ್ಥನೆಗೆ ಕೂತವರನ್ನು ಅವರು ಹೊಸಬರೆಂದು ಎಣಿಸಲಿಲ್ಲ. ಸಾತಳ್ಳಿಯಲ್ಲಿ ನೇಗಿಲು ಹಿಡಿದವರನ್ನು ಎಣಿಸಲಿಲ್ಲ. ದಾಕಿನಿಂದ ಬದುಕುಳಿದ ಮಕ್ಕಳು ಯಾವ ಮತದವರೆಂದು ಯಾರೂ ಕೇಳಲಿಲ್ಲ, ಅವರನ್ನೂ ಎಣಿಸಲಿಲ್ಲ.

1823ರ ಜನವರಿ 15ರಂದು ದುಬ್ವಾರವರು ಭಾರತವನ್ನು ಬಿಟ್ಟು ಹೊರಟರು. ಮೂವತ್ತೊಂದು ವರ್ಷಗಳಾಗಿದ್ದುವು. ಕಂಪನಿಯವರು ವಿಶ್ರಾಂತಿವೇತನವನ್ನು ಕೊಟ್ಟರು. ಮತ್ತೆ ಅವರು ಈ ನಾಡನ್ನು ನೋಡಲಿಲ್ಲ. ಆದರೆ ಮರೆಯಲೂ ಇಲ್ಲ. 1826ರಲ್ಲಿ ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ಪರಿವರ್ತಿಸಿ ಪ್ರಕಟಿಸಿದರು. ಅದಕ್ಕೆ ಆಧಾರವಾದ ಮೂರು ಪ್ರತಿಗಳಲ್ಲಿ ಒಂದು ತಮಿಳು, ಒಂದು ತೆಲುಗು, ಒಂದು ಕನ್ನಡ. ಪ್ಯಾರಿಸ್ಸಿನ ಮಕ್ಕಳು ಕೇಳಿದ ನರಿ ಕಾಗೆಗಳ ಕಥೆಯಲ್ಲಿ ಕನ್ನಡದ ಪಾಲೂ ಇದ್ದಿತೆಂಬುದು ನಮಗೆ ಸಂತೋಷದ ವಿಷಯ. ತಮ್ಮನ್ನು ಕಳುಹಿಸಿದ ಸಂಸ್ಥೆಯಲ್ಲಿಯೇ ಅವರು ತರುಣ ಪಾದ್ರಿಗಳಿಗೆ ಮಾರ್ಗದರ್ಶಕರಾಗಿದ್ದು, 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿದ್ದರು. ಅಸಾಧ್ಯವೆಂದು ತಾವೇ ಬರೆದ ಕೆಲಸಕ್ಕೆ ತರುಣರನ್ನು ಸಿದ್ಧಗೊಳಿಸುತ್ತಾ ಉಳಿದ ಆಯುಷ್ಯವನ್ನು ಕಳೆದರು. 1848ರ ಫೆಬ್ರುವರಿ 17ರಂದು ಕಾಲವಾದರು.

ಹಾಸನ ಸೀಮೆಯಲ್ಲಿ ಮುಂದೆ ಬಂದ ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಶೆಟ್ಟಿಹಳ್ಳಿಯಲ್ಲಿ ಒಂದು ದೊಡ್ಡ ಇಗರ್ಜಿಯನ್ನು ಕಟ್ಟಿದರು. ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಬಂದ ಮೇಲೆ ಅದು ಮುಳುಗಡೆಯಾಯಿತು. ಮಳೆಗಾಲದಲ್ಲಿ ಅರ್ಧ ನೀರಿನೊಳಗೆ ನಿಲ್ಲುತ್ತದೆ. ಬೇಸಗೆಯಲ್ಲಿ, ಎಂದರೆ ಸರಿಸುಮಾರು ತಪಸ್ಸುಕಾಲ ಬಂದು ಪುನರುತ್ಥಾನದ ಹಬ್ಬ ಸಮೀಪಿಸುವ ದಿನಗಳಲ್ಲಿ, ನೀರು ಇಳಿದು ಅದರ ಪಾಳು ಗೋಡೆಗಳು ಮತ್ತೆ ನೆಲದ ಮೇಲೆ ಕಾಣುತ್ತವೆ. ಅಲ್ಲಿ ನೀರು, ನಮ್ಮ ತಲಕಾಡಿನಲ್ಲಿ ಮರಳು.

ದೊಡ್ಡ ಸ್ವಾಮಿಯವರ ಚರಿತ್ರೆಯ ಮೇಲೂ ಮರಳು ಕೂತಿದೆ. ಹೊಗಳಿಕೆಯ ಮರಳೂ ಇದೆ, ತೆಗಳಿಕೆಯ ಮರಳೂ ಇದೆ. ಮೂಗೂರಿನ ತಾಯಿಯನ್ನು ಅವರು ಅರಿಯಲಿಲ್ಲವೆಂಬುದನ್ನು ನಾನು ಮರೆಯಲಾರೆ. ಆ ತಾಯಿಯ ಜಾತ್ರೆಗೆ ಬರುತ್ತಿದ್ದ ನಾಡಿನ ಮಕ್ಕಳ ತೋಳನ್ನು ಹಿಡಿದು ಅವರು ಸಾವನ್ನು ತಡೆದರೆಂಬುದನ್ನೂ ಮರೆಯಲಾರೆ. ಈ ಎರಡನ್ನೂ ಒಟ್ಟಿಗೆ ಹಿಡಿಯುವುದು ಕಷ್ಟ. ಮನುಷ್ಯನನ್ನು ಅವನ ಅತಿ ಕೆಟ್ಟ ಪುಟದಿಂದಲೇ ಅಳೆಯದೆ, ಹಿಂತಿರುಗುವ ದಾರಿಯೊಂದನ್ನು ತೆರೆದಿಡಬೇಕೆಂದು ಪೇತ್ರನ ಕಥೆ ಹೇಳುತ್ತದೆ. ಶ್ರೀರಂಗಪಟ್ಟಣದಲ್ಲಿ ಅವರು ಇತರರಿಗೆ ಸಲ್ಲಿಸಿದ ಈ ನ್ಯಾಯವನ್ನು ನಾವು ಅವರಿಗೂ ಸಲ್ಲಿಸಬೇಕು.

ಈ ವರ್ಷದ ಪರೀಕ್ಷೆ ಮುಗಿದೊಡನೆ ನಮ್ಮಲ್ಲಿ ಕೆಲವರು ಪದವೀಧರರೆನಿಸಿಕೊಂಡು ಊರಿಗೆ ಮರಳುತ್ತೇವೆ. ನಮ್ಮ ಗೆಲುವು ಸೋಲುಗಳನ್ನು ಲೋಕವೂ ಎಣಿಸುತ್ತದೆ, ನಾವೂ ಎಣಿಸುತ್ತೇವೆ. ಹಾಗೆ ಎಣಿಸುವಾಗ ದೊಡ್ಡ ಸ್ವಾಮಿಯವರ ಆ ಲೆಕ್ಕವನ್ನು ಒಮ್ಮೆ ನೆನೆದುಕೊಳ್ಳೋಣ. ಊರಿಗೆ ಹೋದಾಗ ನಾನಂತೂ ಅಜ್ಜಿಯ ತೋಳಿನ ಆ ಎರಡು ಕಲೆಗಳನ್ನು ಇನ್ನೊಂದು ಸಲ ನೋಡಬೇಕೆಂದಿದ್ದೇನೆ.